ದೇವರ ಶೆಲ್ಫಿನಲ್ಲಿ ಎರಡು ಕಾರ್ಡು

...ಬೇಡ ಅಭಿ, ಆ ಕಾರ್ಡ್ ನನ್ನ ಕೈಗೆ ಕೊಡಬೇಡ. ಹದಿನೆಂಟಾಗಿರೋದು ನಿನಗೆ, ನೀನೇ ಬರಿ. ಯಾಕಾ? ಕೂತ್ಕೋ. ನಿಮ್ಮಪ್ಪ ಬರೋದ್ರೊಳಗೆ ಹೇಳ್ಬಿಡ್ತೀನಿ. ಈ ದೇಶದಲ್ಲಿ ಹದಿನೆಂಟಾದ ಹುಡುಗ, ಸಿಟಿಜನ್ ಆಗಲಿ ಗ್ರೀನ್ ಕಾರ್ಡ್ ಆಗಲಿ, ಈ ಕಾರ್ಡ್ ಬರೆದು ಸೈನ್ಯದ ಪಟ್ಟಿಗೆ ಹೆಸರು ಕೊಡಬೇಕು. ಕರ್ಕೊಂಡು ಹೋಗ್ತಾರೆ ಅಂತಲ್ಲ. ಯುದ್ಧ ಬಂದು ಆಳು ಸಾಲದೆ ಹೋದ್ರೆ ಅಂತ. ಇಪ್ಪತ್ತಾರು ತುಂಬಿದ ಮೇಲೆ ಕೊಡ್ತೀನಿ ಅಂದ್ರೂ ತಗೊಳ್ಳಲ್ಲ. ನಿಮ್ಮಪ್ಪ ಸುರೇಶನಿಗೂ ಇದೇ ಕಾರ್ಡ್ ಬಂದಿತ್ತು. ಆಗ ಮನೇಲಿ ಫಾರ್ಮೆಲ್ಲ ಬರೀತಿದ್ದೋನು ನಾನು. ಸ್ಕೂಲ್‌ದು, ಲೈಸೆನ್ಸ್‌ದು, ಕಾಲೇಜ್‌ದು. ಮಕ್ಕಳು ಸೈನ್ ಹಾಕೋದಷ್ಟೇ. ನಮ್ಮೋರ ಮನೇಲೆಲ್ಲ ಹಾಗೇ ಕಣೋ. ಅದೊಂದನ್ನ ಮಾತ್ರ ಬರೀಲಿಲ್ಲ. ಎದುರುಮನೆಯವನು ವಿಯೆಟ್ನಾಮಿಂದ ಒಂದೇ ಕಾಲಲ್ಲಿ ಬಂದಿದ್ದ. ದಿನಾ ಕಿಟಕೀಲಿ ಕಾಣ್ತಿದ್ದ. ಸುರೇಶ ಸೈನ್ ಹಾಕಿ ಕೊಟ್ಟ ಕಾರ್ಡನ್ನ ದೇವರ ಶೆಲ್ಫಿಗೆ ಹಾಸಿದ್ದ ಪೇಪರ್ ಕೆಳಗೆ ತಳ್ಳಿದೆ. ಇನ್ನೊಂದು ಬಂತು, ಅದನ್ನೂ ತಳ್ಳಿದೆ. "ಅಪ್ಪ, ಆ ಆರ್ಮಿ ಕಾರ್ಡ್ ಕಳಿಸಿದ್ರಾ?" ಅಂದ. "ಹೂಂ, ಆಯ್ತು," ಅಂದೆ.

ಆಮೇಲೆ ರಿಸೆಷನ್ ಬಂತು. ಡೆಟ್ರಾಯ್ಟಲ್ಲಿ ಲೇಆಫ್ ಮೇಲೆ ಲೇಆಫ್. ಮೊದಲು ನಾನು ಮನೇಲಿ ಕೂತೆ. ಮೂರು ತಿಂಗಳಿಗೆ ಅವನೂ. ಇಪ್ಪತ್ತಾರು ದಾಟಿತ್ತು ಅವನಿಗೆ. ಹೇಗೋ ಚಿಕಾಗೋದಲ್ಲಿ ಸರ್ಕಾರಿ ಕೆಲಸ ಸಿಕ್ತು. ಸಿಕ್ತು ಅಂದ್ರೆ, ಸಿಕ್ಕ ಹಾಗೇ. ಸರ್ಕಾರಿ ಕೆಲಸಕ್ಕೆ ಸೈನ್ಯದ ಪಟ್ಟೀಲಿ ಹೆಸರಿರಬೇಕು. ಹುಡುಕಿದ್ರು, ಇರಲಿಲ್ಲ. ಯಾಕಿಲ್ಲ ಅಂತ ಎರಡು ವಾರದಲ್ಲಿ ತಿಳಿಸು ಅಂದ್ರು. ವರ್ಷವರ್ಷ ಹಳೇ ಪೇಪರ್ ಮೇಲೇ ಹೊಸದು ಹಾಸ್ತಿದ್ದ ನಿಮ್ಮಜ್ಜಿ, ಆ ಹಬ್ಬಕ್ಕೆ ಶೆಲ್ಫಿನ ಪೇಪರೆಲ್ಲ ಕಿತ್ತು ಎರಡೂ ಕಾರ್ಡ್ ತಂದು ಟೇಬಲ್ ಮೇಲಿಟ್ಟಳು. ಸುರೇಶ ನೋಡಿದ. ಕೂಗಾಡಲಿಲ್ಲ. "ಬಚ್ಚಿಟ್ಟಿದ್ದು ನಾನು, ಮಗನಿಗೆ ಗೊತ್ತಿರಲಿಲ್ಲ ಅಂತ ಒಂದು ಲೆಟರ್ ಬರೆದುಕೊಡಿ ಅಪ್ಪ. ಅಷ್ಟು ಸಾಕು," ಅಂದ.

ಪೆನ್ ಹಿಡಿದೆ. ಬಚ್ಚಿಟ್ಟೆ ಅಂತ ಸರ್ಕಾರಕ್ಕೆ ಬರೆದುಕೊಡೋಕೆ ಹೆದರಿಕೆ ಆಯ್ತು. "ನಾಳೆ ಬರೀತೀನಿ," ಅಂದೆ. ಮಾರನೇ ದಿನವೂ ಅದನ್ನೇ ಅಂದೆ. ಅವನು ಎರಡನೇ ಸಲ ಕೇಳಲಿಲ್ಲ. "ಊರವರಿಗೆಲ್ಲ ಫಾರ್ಮ್ ಬರೆದುಕೊಟ್ಟ ದೊಡ್ಡ ಮನುಷ್ಯರು, ಮಗನಿಗೆ ನಾಲ್ಕು ಸಾಲು ಬರೆಯೋಕೆ ಆಗಲ್ವಾ?" ಅಂದಳು ನಿಮ್ಮಜ್ಜಿ. ಎರಡು ವಾರ ಮುಗೀತು. ಕೆಲಸ ಬೇರೆಯವರಿಗೆ ಹೋಯ್ತು. ನಿಮ್ಮಪ್ಪ ಆ ಚಳಿಗಾಲವೆಲ್ಲ ಗ್ಯಾಸ್ ಸ್ಟೇಷನ್ ಕೌಂಟರಲ್ಲಿ ನಿಂತ. ಒಂದು ಮಾತು ಬೈಲಿಲ್ಲ. ಅವತ್ತಿಂದ ನನ್ನ ಕೈಗೆ ಒಂದು ಫಾರ್ಮನ್ನೂ ಕೊಡಲಿಲ್ಲ.

ಗರಾಜ್ ಬಾಗಿಲ ಸದ್ದಾಯ್ತು, ಬಂದ. ಪೆನ್ ತಗೋ. ಹೆದರಿಕೆ ಆದ್ರೆ ಹೆದರಿಕೆ ಆಗ್ತಿದೆ ಅಂತ ಬಾಯಿ ಬಿಟ್ಟು ಹೇಳು, ಮನೆಯವರೇ ತಾನೆ. ಕಾರ್ಡ್ ಬಚ್ಚಿಡಬೇಡ.