ಒತ್ತೋ ದೀರ್ಘವೋ

ನಮ್ಮ ಬೀದಿಯ ಹೊಲಿಗೆ ಅಂಗಡಿಯಲ್ಲಿ ಒಂದು ಸಂಜೆ ಸೀನು ಸಂಭವಿಸಿತು. ಸೀನಿದ ವ್ಯಕ್ತಿಯನ್ನು ಸ್ಥಳದಲ್ಲೇ ಗುರುತಿಸಲಾಯಿತು. ಗಿರಾಕಿಗಳು ಹೊರಗೆ ಓಡಿದರು. ಒಬ್ಬರು ಪ್ಯಾಂಟು ಬಿಟ್ಟು ಓಡಿದರು ಎಂಬ ಸುದ್ದಿ ಅರ್ಧ ನಿಜ. ಅದು ಹೊಲಿಯಲು ಕೊಟ್ಟಿದ್ದ ಪ್ಯಾಂಟು. ಪ್ರಾಣಹಾನಿಯ ವರದಿ ಬಂದಿಲ್ಲ.

ನಗಬೇಡಿ. ಆ ಕಾಯಿಲೆಯ ದಿನಗಳಲ್ಲಿ ಸೀನಿಗೆ ಇದ್ದ ಬೆಲೆ ಬಂದೂಕಿಗೂ ಇರಲಿಲ್ಲ. ಅದೂ ಅಲ್ಲದೆ, ಈಗ ಹೇಳಲಿರುವ ದೆವ್ವದ ವಿಷಯ ಶುರುವಾಗಿದ್ದೇ ಆ ಸೀನಿನಿಂದ. ನಡೆದದ್ದು ನಮ್ಮ ದೊಡ್ಡಮ್ಮನ ಮಗನಿಗೆ. ನನಗೆ ಅಣ್ಣ. ಸುಳ್ಳು ಹೇಳುವಷ್ಟು ಕಲ್ಪನೆ ಅವನಿಗಿಲ್ಲ, ಟೈಲರ್.

ಅಂಗಡಿ ಅವನದೊಬ್ಬನದೇ ಅಲ್ಲ. ಅವನ ಷಡ್ಡಕನೂ, ಅಂದರೆ ನಮ್ಮ ಅತ್ತಿಗೆಯ ತಂಗಿಯ ಗಂಡನೂ, ಅಲ್ಲೇ ಹೊಲಿಯುತ್ತಾನೆ. ಆಳು ನೋಡಲು ಗುಂಡುಕಲ್ಲಿನ ಹಾಗೆ ಇದ್ದಾನೆ, ಹೆಸರೂ ಗುಂಡುಕಲ್ಲು ಎಂದೇ ಆಗಿಹೋಗಿದೆ. ಎರಡು ಮಷೀನು, ಒಂದು ಕತ್ತರಿಸುವ ಟೇಬಲ್ಲು, ಇಬ್ಬರು ಷಡ್ಡಕರು. ಇಷ್ಟು ಸಾಕು, ಹೊಟ್ಟೆಕಿಚ್ಚಿಗೆ ಬೇರೆ ಬಂಡವಾಳ ಬೇಡ.

ಕಾಯಿಲೆ ಬಂದಾಗ ನಮ್ಮಣ್ಣ ವಹಿಸದ ಎಚ್ಚರಿಕೆಯಿಲ್ಲ. ಮಾಸ್ಕಿನ ಮೇಲೆ ಮಾಸ್ಕು. ಕಿವಿ ಮುಚ್ಚುವಂತೆ ಮಫ್ಲರು. ಕೈ ತೊಳೆದು ತೊಳೆದು ಬೆರಳ ಗೆರೆ ಸವೆದು ಮೊಬೈಲೇ ಅವನನ್ನು ಗುರುತಿಸುತ್ತಿರಲಿಲ್ಲ. ಗಾಳಿಯಲ್ಲಿ ಹರಡುತ್ತದೆ ಎಂದು ಕೇಳಿದ್ದೇ ತಡ, ತನ್ನ ಮಷೀನಿನ ಪಕ್ಕದ ಕಿಟಕಿಗೆ ಮೊಳೆ ಹೊಡೆದ. ಗುಂಡುಕಲ್ಲು ಮಾತ್ರ ಬಾಗಿಲ ಹತ್ತಿರ, ಬೀಸುವ ಗಾಳಿಯಲ್ಲಿ ಕೂತು ಬಾಯ್ತುಂಬ ನಗುತ್ತಾ ಹೊಲಿಯುತ್ತಿದ್ದ. "ನನಗೆಲ್ಲಿ ಬರುತ್ತೆ ಭಾವ? ನನ್ನ ನೋಡಿದ್ರೆ ಅದಕ್ಕೇ ಜ್ವರ ಬರುತ್ತೆ!"

ನಮ್ಮಣ್ಣನಿಗೆ ಎರಡು ಸಲ ಬಂತು.

ಡಾಕ್ಟರು ವಿಚಾರಿಸಿದಾಗ ಒಂದು ವಿಷಯ ಹೊರಬಿತ್ತು. ಮೂಗಿಗೆ ವಾಸನೆ ತಿಳಿಯದೆ ಹೋದರೆ ಕಾಯಿಲೆ ಬಂದಂತೆ ಎಂದು ಯಾರೋ ಹೇಳಿದ್ದರು. ಹಾಗಾಗಿ ನಮ್ಮಣ್ಣ ಆಗಾಗ ಮಾಸ್ಕು ಇಳಿಸಿ, ಕೈಗೆ ಸಿಕ್ಕಿದ್ದನ್ನು ಮೂಸಿ, ವಾಸನೆ ಇನ್ನೂ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಹೊಲಿಗೆ ಅಂಗಡಿಯಲ್ಲಿ ಕೈಗೆ ಸಿಗುವುದು ಗಿರಾಕಿಗಳ ಬಟ್ಟೆ. ಅದನ್ನು ಮೂಸಲು ಮಾಸ್ಕು ಇಳಿಯುವುದು ಅಳತೆ ಕೊಡುವ ಗಿರಾಕಿ ಎದುರಿಗೆ ನಿಂತಿದ್ದಾಗಲೇ.

"ಕಿಟಕಿ ಮುಚ್ಚಿಕೊಂಡು ಮಾಸ್ಕ್ ಇಳಿಸಿ ಊರವರ ಅಂಗಿಯೆಲ್ಲ ಮೂಸಿದ್ರೆ ಬರದೆ ಇನ್ನೇನು ಮಾಡುತ್ತೆ?" ಎಂದರು ಡಾಕ್ಟರು. "ನಿಮ್ಮ ಷಡ್ಡಕರು ಗಾಳೀಲಾದ್ರೂ ಕೂರ್ತಾರೆ."

ಆ ಕೊನೆಯ ವಾಕ್ಯವನ್ನು ಅತ್ತಿಗೆ ಮರೆಯಲಿಲ್ಲ. "ಅವರನ್ನ ನೋಡಿ ಕಲೀರಿ. ದೇಹ ಅಂದ್ರೆ ಅದು." ಬೆಳಿಗ್ಗೆ ಕಾಫಿಗೆ ಒಂದು ಸಲ, ರಾತ್ರಿ ಊಟಕ್ಕೆ ಒಂದು ಸಲ.

ಈಗ ಆ ಸೀನು. ಸೀನಿದ್ದು ಗುಂಡುಕಲ್ಲು. ಗಿರಾಕಿಗಳೆಲ್ಲ ಓಡಿದರು, ನಮ್ಮಣ್ಣ ಓಡಲಿಲ್ಲ. ಅವನ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಬಂತಂತೆ. "ಪರೀಕ್ಷೆ ಮಾಡಿಸ್ಕೋಪ್ಪಾ" ಎಂದು ತಾನೇ ಕರೆದುಕೊಂಡು ಹೋದ. ಫಲಿತಾಂಶ ಬಂತು: ಏನೂ ಇಲ್ಲ. ಮೂಗಿಗೆ ಹತ್ತಿಯ ದೂಳು ಹೋಗಿತ್ತು, ಅಷ್ಟೆ.

ಅವತ್ತು ರಾತ್ರಿ ಆಸ್ಪತ್ರೆಯವರ ಮಾಸ್ಕಿನ ಕೆಲಸವಿತ್ತು. ಮುಗಿಸಿ ಬಾಗಿಲು ಹಾಕುವಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನಮ್ಮಣ್ಣ ಒಬ್ಬನೇ ಮನೆ ಕಡೆ ಹೊರಟ.

ದಾರಿಯಲ್ಲಿ ಟ್ಯೂಷನ್ ಟೀಚರ ಮನೆ. ಅವರು ಮಕ್ಕಳಿಗೆ ಭಾಷೆ ಕಲಿಸುತ್ತಿದ್ದವರು. ಒತ್ತು ಬಿಟ್ಟರೆ ಗದರುವರು, ದೀರ್ಘ ಬಿಟ್ಟರೆ ಹತ್ತು ಸಲ ಬರೆಸುವರು. ಅವರ ಅಂಗಳದ ಬಾವಿ ರಸ್ತೆಗೆ ಅಂಟಿಕೊಂಡೇ ಇದೆ, ನಡುವೆ ಮೊಣಕಾಲೆತ್ತರದ ಗೋಡೆ. ನಮ್ಮಣ್ಣ ತನ್ನಷ್ಟಕ್ಕೆ ಗೊಣಗುತ್ತಾ ಅದನ್ನು ದಾಟುತ್ತಿದ್ದ.

"ಊರಿಗೆಲ್ಲ ಬಂತು. ನನಗೆ ಎರಡು ಸಲ ಬಂತು. ಅವನಿಗೆ ಮಾತ್ರ ಬರಲ್ಲ... ಬರೋದೇ ಇಲ್ಲ..."

ಕಿರ್ರ್...

ರಾಟೆ. ಹಗ್ಗವಿಲ್ಲದ ರಾಟೆ.

ಟೊಪ್... ನೀರಿಗೆ ಏನೋ ಒಂದು ಹನಿ.

ಆಮೇಲೆ ಕೆಮ್ಮು. ಬಾಯಿ ಬಿಟ್ಟು ಕೆಮ್ಮಿದ್ದಲ್ಲ. ಮೊಣಕೈ ಮಡಚಿ, ಅದರೊಳಗೆ ಮುಖವಿಟ್ಟು ಕೆಮ್ಮಿದ ಶಬ್ದ. ಮರ್ಯಾದಸ್ಥರ ಕೆಮ್ಮು.

ಅದರ ಬೆನ್ನಿಗೇ ಪಿಸುಮಾತು. ಮಫ್ಲರ್ ಕಟ್ಟಿದ ಕಿವಿಗೆ ಇಷ್ಟು ಕೇಳಿಸಿತು:

"ಅವನಿಗೆ... ಬರಲ್ಲ..."

ಹೊಟ್ಟೆಕಿಚ್ಚಿನವನಿಗೆ ಜೊತೆ ಸಿಕ್ಕಿದರೆ ಅದರ ಖುಷಿಯೇ ಬೇರೆ. ನಮ್ಮಣ್ಣ ತಿರುಗಿ ಕೂಡ ನೋಡದೆ, "ಹೂಂ ಟೀಚರೇ, ಅದೇ ನಾನೂ ಹೇಳ್ತಿರೋದು" ಎಂದು ತಲೆಯಾಡಿಸಿ ಮುಂದೆ ಹೋದ.

ತಿರುವಿಗೆ ಬಂದಮೇಲೆ ಕಾಲು ನಿಂತಿತು.

ಟೀಚರು ಎಲ್ಲಿಂದ ಬಂದರು?

ಆ ಕಾಯಿಲೆಗೆ ನಮ್ಮ ಬೀದಿಯಲ್ಲಿ ಮೊದಲು ಹೋದವರೇ ಅವರು. ನಮ್ಮಣ್ಣನಿಗಿಂತ ಹೆಚ್ಚು ಎಚ್ಚರಿಕೆಯ ಹೆಂಗಸು. ಆಂಬುಲೆನ್ಸ್ ಹತ್ತುವಾಗಲೂ ಕೈ ಹಿಡಿಯಲು ಬಂದ ಡ್ರೈವರನಿಗೆ "ದೂರ ನಿಲ್ಲಿ" ಎಂದಿದ್ದರು. ಅವರು ಮತ್ತೆ ಬರಲಿಲ್ಲ. ಮನೆಗೆ ಬೀಗ, ಬೀಗಕ್ಕೆ ತುಕ್ಕು.

ತಿರುಗಿ ನೋಡಿದ. ಯಾರೂ ಇಲ್ಲ. ಬೀದಿದೀಪದ ಕೆಳಗೆ, ಒಣಗಿದ ರಸ್ತೆಯ ಮೇಲೆ ಎರಡು ಒದ್ದೆ ಹೆಜ್ಜೆ, ಅವನ ಕಡೆಗೆ ಮುಖಮಾಡಿ. ಟೈಲರ್ ಕಣ್ಣು ಹೆದರಿದರೂ ಅಳತೆ ಬಿಡುವುದಿಲ್ಲ. ಅವನಿಂದ ಹೆಜ್ಜೆಗೆ ಸರಿಯಾಗಿ ಆರಡಿ.

ಬಾಗಿಲು ಹಾಕಿದ್ದೀರಿ ತಾನೇ? ಸರಿ. ಮುಂದಿನದು ಕೇಳಿ.

ಬೆಳಗಾಗುವಷ್ಟರಲ್ಲಿ ಗುಂಡುಕಲ್ಲು ಮಲಗಿದ್ದ. ಕೆಂಡದಂಥ ಜ್ವರ. ಈ ಸಲ ಪರೀಕ್ಷೆಯೂ ಹೌದು ಎಂದಿತು.

ನಮ್ಮಣ್ಣನಿಗೆ ಮೊದಲು ಆಗಿದ್ದು ಹೆದರಿಕೆಯಲ್ಲ. ಅವನೇ ಹೇಳಿದ ಮಾತು: "ಒಂದು ಗಳಿಗೆ ಎದೆ ತಣ್ಣಗಾಯ್ತು ಕಣೋ." ಆ ತಂಪು ಮಧ್ಯಾಹ್ನದವರೆಗೂ ಬಾಳಲಿಲ್ಲ. ಇವನಿಗೆ ಬಂದಾಗ ಬಾಗಿಲ ಸಂದಿಯಿಂದ ತಟ್ಟೆ ತಳ್ಳಿದವರೆಲ್ಲ ಗುಂಡುಕಲ್ಲಿನ ಮನೆ ಮುಂದೆ ಎಳನೀರು ಹಿಡಿದು ಸಾಲುಗಟ್ಟಿದರು. ಅತ್ತಿಗೆಯಂತೂ ಗಂಟೆಗೊಮ್ಮೆ ತಂಗಿಗೆ ಫೋನ್ ಮಾಡಿದರು.

"ನನಗೆ ಬಂದಾಗ ಯಾರೂ ಹೀಗೆ ಕೇಳಿರಲಿಲ್ಲ" ಎಂದ ನಮ್ಮಣ್ಣ.

"ನಿಮಗೇನು ಹೊಸದಾ?" ಎಂದರು ಅತ್ತಿಗೆ.

ಕಾಯಿಲೆಯಲ್ಲೂ ಅವನದೇ ಮೇಲುಗೈ. ಇದೇ ಉರಿಯಲ್ಲಿ ಒಂದೆರಡು ದಿನ ಕಳೆಯಿತು. ಆಮೇಲೆ ಒಂದು ಸಂಜೆ ಫೋನ್ ಬಂತು. ಗುಂಡುಕಲ್ಲಿನ ಹೆಂಡತಿ. "ಭಾವ... ಇವರು ಉಸಿರಾಡೋಕೆ ಒದ್ದಾಡ್ತಿದ್ದಾರೆ. ಆಸ್ಪತ್ರೇಲಿ ಜಾಗ ಇಲ್ಲವಂತೆ, ನಾಳೆ ನೋಡೋಣ ಅಂತಾರೆ. ಮನೆಗೇ ಸಿಲಿಂಡರ್ ತರಿಸಿದ್ದೀವಿ. ನಾಳೆವರೆಗೂ... ಭಾವ, ನಾಳೆವರೆಗೂ..." ಮುಂದಿನದು ಮಾತಾಗಿರಲಿಲ್ಲ.

ನಮ್ಮಣ್ಣ ಕೂತಲ್ಲೇ ಕೂತ. ಬಾವಿಕಟ್ಟೆಯ ಮಾತು ಕಿವಿಯಲ್ಲಿ ಮತ್ತೆ ಆಡಿತು. ಹೆಂಡತಿಯನ್ನು ಕರೆದ. ಮಾಸ್ಕಿನೊಳಗಿಂದ ಪಿಸುಗುಟ್ಟಿದ.

"ನಾನು ಏನಂದೆ ಹೇಳು."

"ಬರಲ್ಲ ಅಂದ್ರಿ."

"ಈಗ?"

"ಬರಲ್ಲ ಅಂದ್ರಿ. ಎಲ್ಲಿಗೆ ಬರಲ್ಲ?"

"ಎರಡನೇ ಸಲ 'ಬರಲಾ' ಅಂದೆ ಕಣೇ."

"ಬನ್ನಿ, ಯಾರು ಬೇಡ ಅಂದ್ರು? ತಂಗಿ ಗಂಡ ಅಲ್ಲಿ ಮೇಲುಸಿರು ಬಿಡ್ತಿದ್ದಾರೆ, ನಿಮಗೆ ಮಗ್ಗಿ ಆಟ!"

ಪಿಸುಮಾತಿನಲ್ಲಿ ಒತ್ತಿಗೂ ದೀರ್ಘಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಟೀಚರು ಹೇಳಿದ್ದಲ್ಲ, ಕೇಳಿದ್ದು. 'ಅವನಿಗೆ ಬರಲಾ?' ಮನುಷ್ಯರು ಹಾಗೆ ಕೇಳುವುದಿಲ್ಲ, ಕಾಯಿಲೆ ಕೇಳಬಹುದು. ಅದಕ್ಕೆ ಇವನು ಹೂಂ ಎಂದು ಬಂದಿದ್ದ.

ಹೊರಟ. ಬಾವಿಯ ಹತ್ತಿರ ನಿಂತ. ಗಾಳಿಯಿಲ್ಲ, ನಾಯಿಯಿಲ್ಲ.

"ಟೀಚರೇ..."

ಕಿರ್ರ್... ಟೊಪ್...

"ಅವನಿಗೆ ಬರಬೇಡಿ ಟೀಚರೇ. ಬೇಡ."

"ಬೇಕಾ?"

"ಬೇಡ!"

"ಬಾಯಲ್ಲಿ ಬಟ್ಟೆ ತುರುಕಿಕೊಂಡು ಪಾಠ ಒಪ್ಪಿಸ್ತಾರಾ? ಸ್ಪಷ್ಟವಾಗಿ ಹೇಳಿ."

ನಮ್ಮಣ್ಣ ಮಫ್ಲರು ಬಿಚ್ಚಿದ. ಮೇಲಿನ ಮಾಸ್ಕು ತೆಗೆದ. ಒಳಗಿನದನ್ನೂ ತೆಗೆದ. ಬೀದಿಯಲ್ಲಿ ಅವನ ಪೂರ್ತಿ ಮುಖವನ್ನು ಯಾರಾದರೂ ನೋಡಿ ಒಂದು ವರ್ಷದ ಮೇಲಾಗಿತ್ತು.

"ಬೇಡ. ಬಿಡಿಸಿ ಹೇಳ್ತೀನಿ. ಬೇ... ಡ."

ಮೊಣಕೈಯೊಳಗಿನ ಆ ಕೆಮ್ಮು ಒಂದು ಸಲ. ಆಮೇಲೆ ಧ್ವನಿ. ಈ ಸಲ ಗದರುವ ಧ್ವನಿಯಲ್ಲ.

"ನಾನು ಎಲ್ಲ ಮಾಡಿದೆ ಟೈಲರೇ. ಕೈ ತೊಳೆದೆ. ದೂರ ನಿಂತೆ. ಬಾಗಿಲು ಹಾಕಿಕೊಂಡೆ... ನನಗ್ಯಾಕೆ ಬಂತು?"

"ನನಗೂ ಅದೇ ಅರ್ಥವಾಗಲ್ಲ ಟೀಚರೇ."

"ಅವನು ಬಾಗಿಲಲ್ಲಿ ಕೂತು ನಗ್ತಿದ್ದ. ನಾನು ಆಂಬುಲೆನ್ಸ್ ಹತ್ತುವಾಗಲೂ... ನಗು ಕೇಳಿಸ್ತಿತ್ತು."

ಆ ನಗುವಿನ ಉರಿ ಏನೆಂದು ನಮ್ಮಣ್ಣನಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಎರಡು ಮಾರು ದೂರದಲ್ಲಿ ಕೂತು ಕೇಳಿದವನು. 'ಹೌದು ಟೀಚರೇ, ನನಗೂ ಸಹಿಸೋಕಾಗಲ್ಲ' ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡ.

"ಹೌದು. ನಗ್ತಾನೆ. ಹಲ್ಲೆಲ್ಲ ಕಾಣೋ ಹಾಗೆ ನಗ್ತಾನೆ... ನಗಲಿ ಬಿಡಿ ಟೀಚರೇ."

ಮತ್ತೆ ಕೆಮ್ಮು. ನಮ್ಮಣ್ಣನಿಗೆ ಏನು ತೋಚಿತೋ, ಅಭ್ಯಾಸ ಬಲವೋ, ಜೇಬಿನಿಂದ ಹೊಸ ಮಾಸ್ಕೊಂದನ್ನು ತೆಗೆದು ಬಾವಿಕಟ್ಟೆಯ ಮೇಲಿಟ್ಟ. ಅವನೇ ಹೊಲಿದದ್ದು. ಇಟ್ಟು ಹಿಂದೆ ಸರಿದ. ಎಷ್ಟು ದೂರ ಸರಿಯಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಕತ್ತಲಲ್ಲಿ ಟಪ್... ಎಂದಿತು. ಒಂದು ಕಿವಿಗೆ ಎಲಾಸ್ಟಿಕ್ ಸಿಕ್ಕಿಸಿದ ಸದ್ದು.

ಟಪ್... ಇನ್ನೊಂದು ಕಿವಿ.

ಆಮೇಲೆ ಬಟ್ಟೆಯೊಳಗಿಂದ, ಬಾವಿಯ ಕಡೆ ಇಳಿಯುತ್ತಾ ಒಂದು ಮಾತು. ಅದು 'ಬರಲ್ಲ' ಎಂದಿದ್ದೋ 'ಬರಲಾ' ಎಂದಿದ್ದೋ ನಮ್ಮಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಈ ಸಲ ಅವನು ಹೂಂ ಅನ್ನಲಿಲ್ಲ. ಓಡಿದ.

ನಸುಕಿನಲ್ಲಿ ಫೋನ್ ಬಂತು. "ಭಾವ, ಉಸಿರು ಸಲೀಸಾಯ್ತು. ಗಂಜಿ ಕೇಳ್ತಿದ್ದಾರೆ." ಅತ್ತಿಗೆ ಕಣ್ಣೊರೆಸಿಕೊಂಡು ಹೇಳಿದ ಮೊದಲ ಮಾತು, "ನೋಡಿದ್ರಾ? ದೇಹ ಅಂದ್ರೆ ಅದು."

ಬಾವಿಯ ವಿಷಯವನ್ನು ನಮ್ಮಣ್ಣ ಹೇಳಿದ್ದು ನನಗೊಬ್ಬನಿಗೇ. ನಾನೂ ನಂಬುತ್ತಿರಲಿಲ್ಲ. ಗುಂಡುಕಲ್ಲು ಚೇತರಿಸಿಕೊಂಡು ಅಂಗಡಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಅವನು ಮೈ ಇಳಿದು ಅರ್ಧವಾಗಿದ್ದ, ನಗು ಮಾತ್ರ ಹಾಗೇ ಇತ್ತು. ತಾನೇ ಶುರು ಮಾಡಿದ.

"ಜ್ವರದಲ್ಲಿ ಏನೇನೋ ಕಂಡೆ ಭಾವ. ಆ ಟ್ಯೂಷನ್ ಟೀಚರು ದಿನಾ ಬಂದು ಬಾಗಿಲ ಹತ್ತಿರ ನಿಲ್ಲೋರು. ಮಾತಿಲ್ಲ, ಬರೀ ನನ್ನೇ ನೋಡೋರು. ದಿನಾ ಮಾಸ್ಕ್ ಇಲ್ಲದೆ. ಕೊನೇ ರಾತ್ರಿ ಮಾತ್ರ ಹಾಕ್ಕೊಂಡು ಬಂದ್ರು. ಸ್ವಲ್ಪ ಹೊತ್ತು ನಿಂತು ಹೋಗಿಬಿಟ್ರು."

"ಜ್ವರ ಅಂದ್ರೆ ಹಾಗೇ" ಎಂದ ನಮ್ಮಣ್ಣ, ದಾರ ಪೋಣಿಸುತ್ತಾ. ದಾರ ಸೂಜಿಯೊಳಗೆ ಹೋಗಲಿಲ್ಲ.

"ತಮಾಷೆ ಏನು ಗೊತ್ತಾ? ಅದು ನಿಮ್ಮ ಹೊಲಿಗೆ. ಎಡಗಡೆ ತುದೀಲಿ ನೀವು ಒಂದು ಟಾಕ ಹೆಚ್ಚಿಗೆ ಹಾಕ್ತೀರಲ್ಲ, ಅದಿತ್ತು. ಕನಸಲ್ಲೂ ನಿಮ್ಮ ಕೆಲಸ ಗುರುತು ಹಿಡಿದೆ ನೋಡಿ!"

ಅವನು ನಕ್ಕ. ಹಲ್ಲೆಲ್ಲ ಕಾಣುವ ಹಾಗೆ. ನಾವಿಬ್ಬರೂ ನಗಲಿಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಗುಂಡುಕಲ್ಲಿನ ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದು, ಅದಂತೂ ನಿಜ. ಬಾವಿಕಟ್ಟೆಯ ಮೇಲಿಟ್ಟ ಮಾಸ್ಕು ಸಿಗಲಿಲ್ಲ. ಬಾವಿಗೆ ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ. ಹೊಲಿಗೆ ಅಂಗಡಿಯ ಕಿಟಕಿಯ ಮೊಳೆ ಕಿತ್ತಿದ್ದಾರೆ.

ಗುಂಡುಕಲ್ಲಿಗೆ ಆಮೇಲೆ ಮತ್ತೆ ಬರಲಿಲ್ಲ. ನಮ್ಮಣ್ಣನಿಗೆ ಮೂರನೆಯ ಸಲ ಬಂತು. ಅಷ್ಟರಲ್ಲಿ ಲಸಿಕೆ ಆಗಿತ್ತು, ಬೇಗ ವಾಸಿಯಾಯಿತು.