ಪ್ರೊಫೆಸರರ ಹದಿನೇಳನೆಯ ಪ್ರಶ್ನೆ

ಮಾನ್ಯ ಅಧ್ಯಕ್ಷರಾದ ಹೆಡ್‌ಮಾಸ್ಟರ್ ಅನಂತರಾಮಯ್ಯನವರೇ, ಇಂದು ಸನ್ಮಾನ ಸ್ವೀಕರಿಸಿದ ಪ್ರೊಫೆಸರ್ ವರದರಾಜ ಅವರೇ, ಮಂಡಿಕಲ್ಲಿನ ಸಭಿಕರೇ,

ಮೊದಲಿಗೆ ಕುಶಲ. ಪ್ರೊಫೆಸರರೇ, ಮನೆಯಲ್ಲಿ ವಿಶಾಲಾಕ್ಷಮ್ಮನವರ ಮಂಡಿನೋವು ಹೇಗಿದೆ? ಅಧ್ಯಕ್ಷರ ಕೆಮ್ಮು ಈಗಷ್ಟೇ ಕೇಳಿಸಿತು, ಹಾಗೇ ಇದೆ. ಅಶ್ವತ್ಥಮ್ಮನವರೇ, ಕಣ್ಣಿಗೆ ಔಷಧಿ ಬಿಟ್ಟುಕೊಂಡಿರಾ?

ಪ್ರೊಫೆಸರರು ಬೆಂಗಳೂರಿನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾರೆ. ಸಮಾಜಶಾಸ್ತ್ರ ಎಂದರೇನು? ನಾಲ್ಕನೇ ಕ್ಲಾಸು ಓದಿದ ಈ ವೆಂಕಟರಾಮಪ್ಪನಿಗೆ ತಿಳಿದ ಮಟ್ಟಿಗೆ, ಊರಿಗೆಲ್ಲ ಗೊತ್ತಿರುವುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು. ಇವರ ವಿಶೇಷ ಆಸಕ್ತಿ ಅಣ್ಣತಮ್ಮಂದಿರು ಪಾಲಾಗುವುದರಲ್ಲಿ. ಅದಕ್ಕೆ ನಮ್ಮೂರಿಗಿಂತ ಅನುಕೂಲವಾದ ಊರು ಯಾವುದಿದೆ?

ಐವತ್ತೊಂಬತ್ತನೇ ಇಸವಿಯಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತರು. ಜಗಲಿಯ ನಡುವೆ ಗೋಡೆ. ಈಚೆ ನಾನು, ಆಚೆ ನನ್ನ ತಮ್ಮ ಗಂಗುಲಪ್ಪ. ಬಾವಿ ನೀರಿನ ಸರದಿಗೆ ಜಗಳವಾಡಿ ಪಾಲಾದವರು, ಆಮೇಲೆ ಮಾತಾಡಿಲ್ಲ. ತುರ್ತು ವಿಷಯಗಳನ್ನು ಎತ್ತಿಗೆ ಹೇಳುತ್ತಿದ್ದೆವು. "ಲೇ ಬಸವ, ನಾಳೆ ಬಾವಿ ನಮ್ದು ಕಣೋ" ಎಂದು ನಾನು. "ನಂಗೂ ಗೊತ್ತು ಅನ್ನೋ ಬಸವ" ಎಂದು ಅವನು. ಎತ್ತು ಇಬ್ಬರ ಮಾತನ್ನೂ ಸಮಾಧಾನವಾಗಿ ಕೇಳುತ್ತಿತ್ತು.

ಇವರ ಹದಿನೇಳನೆಯ ಪ್ರಶ್ನೆ: ಪಾಲಾದ ಮೇಲೆ ನಿಮಗೆ ಏನು ಕಡಿಮೆಯಾಗಿದೆ? "ಏನೂ ಇಲ್ಲ, ಬರ್ಕೊಳ್ಳಿ" ಎಂದೆ. ನನ್ನ ಹೆಂಡತಿ ಕದಿರಮ್ಮ ಒಳಗಿನಿಂದ, "ಸುಳ್ಳು, ಬರ್ಕೋಬೇಡಿ ಸ್ವಾಮಿ" ಎಂದಳು. ಎರಡನ್ನೂ ಬರೆದುಕೊಂಡು, ಗೋಡೆ ಸುತ್ತಿ ಆಚೆ ಹೋದರು.

ಹೋದ ತಿಂಗಳು ಇವರ ಪುಸ್ತಕ ಬಂತು. ಯಾರಿಗೂ ಗುರುತು ಸಿಗಬಾರದೆಂದು ನಮ್ಮನ್ನು 'ಹಿರಿಯ', 'ಕಿರಿಯ' ಎಂದು ಕರೆದಿದ್ದಾರೆ. ಜಗಲಿಗೆ ಗೋಡೆ ಹಾಕಿದ ಮನೆ ಇಡೀ ಹೋಬಳಿಯಲ್ಲಿ ಒಂದೇ ಇರುವುದರಿಂದ ನಗರಗೆರೆಯ ಬೀಗರೂ ಗುರುತು ಹಿಡಿದು ಕಾಗದ ಬರೆದರು.

ಎಪ್ಪತ್ತೆರಡನೇ ಪುಟದಲ್ಲಿ ಅದೇ ಹದಿನೇಳನೆಯ ಪ್ರಶ್ನೆಗೆ ಕಿರಿಯನ ಉತ್ತರವಿದೆ. ಓದುತ್ತೇನೆ: "ನನ್ನ ಬೈಯೋರೇ ಇಲ್ಲ ಸಾರ್. ಅಣ್ಣ ದಿನಾ ಬೈತಿದ್ದ. ಈಗ ತಪ್ಪು ಮಾಡಿದ್ರೂ ಯಾರೂ ಕೇಳಲ್ಲ."

ಈ ಮಾತು ಐದು ವರ್ಷದಿಂದ ಬೆಂಗಳೂರಿನಲ್ಲಿ ಪಾಠವಾಗಿದೆಯಂತೆ. ಹತ್ತಡಿ ದೂರದಲ್ಲಿದ್ದ ನನಗೆ ಅಚ್ಚಾಗಿ ಬರಬೇಕಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದೇ ನಿಮಿಷ.

ಲೋ ಗಂಗುಲ! ಕಂಬದ ಹಿಂದೆ ಏನೋ ಮಾಡ್ತಿದ್ದೀಯ? ಸಭೆಗೆ ಬರೋನು ತಲೆ ಬಾಚ್ಕೊಂಡು ಬರ್ಬಾರ್ದಾ? ಈ ಅಂಗಿ ಎಲ್ಲಿ ಸಿಕ್ತೋ ನಿಂಗೆ, ಬೆದರುಗೊಂಬೆ ಹತ್ರ ಕಿತ್ಕೊಂಡ್ಯಾ? ಮುದುಕ ಆದ್ರೂ ಬುದ್ಧಿ ಬರ್ಲಿಲ್ಲ ದಡ್ಡ ಮುಂಡೇದೆ! ಬಾ ಮುಂದಕ್ಕೆ. ನಿಮ್ಮ ಅತ್ತಿಗೆ ಪಕ್ಕದಲ್ಲಿ ಜಾಗ ಹಿಡ್ಕೊಂಡು ಆಗ್ಲಿಂದ ಕಾಯ್ತವ್ಳೆ.

ಸಭಿಕರೇ, ಸ್ವಲ್ಪ ಕಾಲು ಮಡಚಿಕೊಳ್ಳಿ, ಅವನು ಬರಲಿ. ಪ್ರೊಫೆಸರರೇ, ನಿಮಗೆ ವಂದನೆಗಳು. ಊರು ಮುಟ್ಟಿದ ಕೂಡಲೇ ಕಾಗದ ಬರೆಯಿರಿ. ಇಬ್ಬರಿಗೂ ಸೇರಿ ಒಂದೇ ಸಾಕು. ಎಲ್ಲರಿಗೂ ನಮಸ್ಕಾರ.