ನೈವೇದ್ಯಕ್ಕೆ ಮೊದಲು ಕೊಟ್ಟ ಪಾನಕದ ಬಗ್ಗೆ

ಹೇಳಿಕೆ ಕೊಟ್ಟವರು: ಶ್ರೀಮತಿ ಆಂಡಾಳ್ ಕೋಂ ಲೇಟ್ ರಾಮಾನುಜ, ವಯಸ್ಸು 63 ವರ್ಷ, ನಿವೃತ್ತ ಶಾಲಾ ಶಿಕ್ಷಕಿ, ವಾಸ: 3ನೇ ಮುಖ್ಯರಸ್ತೆ, ಚಾಮರಾಜಪೇಟೆ, ಬೆಂಗಳೂರು-18.

ಮೇಲ್ಕಂಡ ವಿಳಾಸದಲ್ಲಿ ಮಗ ಸೊಸೆಯೊಂದಿಗೆ ವಾಸವಾಗಿರುವ ನಾನು, ಯಾರೂ ಕರೆಸದೆ ನಾನಾಗಿಯೇ ಈ ದಿನ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಶುಕ್ರವಾರ ಶ್ರೀರಾಮನವಮಿಯ ದಿನ ಆಂಬುಲೆನ್ಸ್ ಚಾಲಕ ಮರಿಯಣ್ಣ ಎಂಬುವರು ಗಾಡಿಯಲ್ಲಿ ರೋಗಿಯೇ ಇಲ್ಲದೆ ಸೈರನ್ ಹಾಕಿಕೊಂಡು ಬಂದು, ನಮ್ಮ ಪೆಂಡಾಲಿನ ಮುಂದೆ ನಿಲ್ಲಿಸಿ ಪಾನಕ ಕುಡಿದರೆಂದು ಈ ಠಾಣೆಯಲ್ಲಿ ದೂರು ದಾಖಲಾಗಿರುತ್ತದೆ. ದೂರು ಕೊಟ್ಟವನು ನನ್ನ ಮಗ ಶ್ರೀಹರಿ, ವಯಸ್ಸು 36, ವಿಮಾ ಕಂಪನಿಯಲ್ಲಿ ಗುಮಾಸ್ತ, ನಮ್ಮ ರಸ್ತೆಯ ರಾಮನವಮಿ ಸಮಿತಿಯ ಕಾರ್ಯದರ್ಶಿ. ಅವನು ಸುಳ್ಳುಗಾರನಲ್ಲ. ಅರ್ಧ ನೋಡಿ ಪೂರ್ತಿ ಬರೆದುಕೊಟ್ಟಿದ್ದಾನೆ. ಮಿಕ್ಕ ಅರ್ಧ ನೋಡಿದವಳು ನಾನು.

ಸಮಿತಿಯಲ್ಲಿ ಪಾನಕದ ಉಸ್ತುವಾರಿ ನನ್ನದು. ನನ್ನ ಮಗ ಹೈಸ್ಕೂಲಿನಲ್ಲಿದ್ದಾಗಿನಿಂದಲೂ ನನ್ನದೇ. ಬೆಲ್ಲವನ್ನು ಮಾಮೂಲ್‌ಪೇಟೆಗೆ ನಾನೇ ಹೋಗಿ, ಮುರಿದು ಬಾಯಿಗೆ ಹಾಕಿಕೊಂಡು ನೋಡಿ ತರುತ್ತೇನೆ. ಶುಂಠಿ, ಏಲಕ್ಕಿ, ಮೆಣಸು ಎಲ್ಲ ನನ್ನ ಕೈಯಳತೆ. ಬಸವನಗುಡಿಯಿಂದ ನಡೆದುಕೊಂಡು ಬಂದು ನಮ್ಮ ಪಾನಕ ಕುಡಿದು ಹೋಗುವವರಿದ್ದಾರೆ. ಇದನ್ನೆಲ್ಲ ಬರೆಯಬೇಕೇ ಎಂದು ಹೆಡ್ ಕಾನ್‌ಸ್ಟೆಬಲ್ ಓಬಳಪ್ಪನವರು ಕೇಳಿದರು. ಬರೆಯಲೇಬೇಕು ಎಂದು ಹೇಳಿದ್ದೇನೆ.

ರಾಮ ಹುಟ್ಟಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಆದ್ದರಿಂದ ಹನ್ನೆರಡಕ್ಕೆ ಮಂಗಳಾರತಿಯಾಗಿ, ಪಾನಕ ಕೋಸಂಬರಿ ನೈವೇದ್ಯವಾಗುವವರೆಗೆ ಪಾತ್ರೆಗೆ ಯಾರೂ ಲೋಟ ಅದ್ದುವ ಹಾಗಿಲ್ಲ. ಒಂದು ವರ್ಷ ಕಾರ್ಪೊರೇಟರ್ ಒಬ್ಬರು ಮೊದಲೇ ಬಂದು ಬಾಯಾರಿಕೆ ಎಂದಾಗ ಅವರಿಗೂ ನಲ್ಲಿ ನೀರು ಕೊಟ್ಟು ಕೂರಿಸಿದವಳು ನಾನು. ಪೆಂಡಾಲಿನಲ್ಲಿ ನನ್ನನ್ನು ಕಂಡರೆ ಎಲ್ಲರಿಗೂ ಸ್ವಲ್ಪ ಹೆದರಿಕೆ ಇದೆ. ಇರಲಿ, ಒಳ್ಳೆಯದೇ.

ಆಂಬುಲೆನ್ಸ್ ಎಂದರೆ ನನ್ನ ಮಗನಿಗೆ ಅನುಮಾನ ಏಕೆ ಎಂಬುದನ್ನೂ ಹೇಳುತ್ತೇನೆ. ಕಳೆದ ವರ್ಷ ನಮ್ಮ ಪೆಂಡಾಲಿಗೆ ಕಚೇರಿ ಮಾಡಲು ಬರಬೇಕಾಗಿದ್ದ ವಿದ್ವಾಂಸರೊಬ್ಬರು ಟ್ರಾಫಿಕ್ಕಿಗೆ ಸಿಕ್ಕಿ ತಡವಾಗುತ್ತದೆಂದು ಯಾವುದೋ ಖಾಸಗಿ ಆಂಬುಲೆನ್ಸ್ ಮಾಡಿಕೊಂಡು, ಸೈರನ್ ಹಾಕಿಸಿಕೊಂಡು, ತಂಬೂರಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಬಂದರು. ಜನ ನಕ್ಕರು. ನನ್ನ ಮಗ ನಗಲಿಲ್ಲ. ಇಂಥವರಿಂದಲೇ ನಿಜವಾದ ರೋಗಿಗೂ ದಾರಿ ಸಿಗದ ಹಾಗಾಗುತ್ತದೆ, ಇನ್ನೊಂದು ಸಲ ಕಂಡರೆ ಬಿಡುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ್ದ. ರೋಗಿಯಿಲ್ಲದೆ ಸೈರನ್ ಹಾಕಬಾರದೆಂಬ ನಿಯಮ ಸರಿಯಾಗಿದೆ. ಅದನ್ನು ಬಿಗಿ ಮಾಡಿದ ಸರ್ಕಾರವೂ ಸರಿಯಾಗಿದೆ. ನನ್ನ ತಕರಾರು ನಿಯಮದ ಮೇಲಲ್ಲ.

ನಿನ್ನೆ ಬೆಳಿಗ್ಗೆ 11-40ರ ಸುಮಾರಿಗೆ ತ್ಯಾಗರಾಜನಗರದ ಕಡೆಯಿಂದ ಕೋಟೆ ಕಡೆಗೆ ಹೋಗುವ ಒಂದು ಬಿಳಿ ಮಾರುತಿ ವ್ಯಾನ್ ಆಂಬುಲೆನ್ಸ್ ಸೈರನ್ ಹಾಕಿಕೊಂಡು ಬಂದಿತು. ಜನ ಸರಿದು ದಾರಿ ಬಿಟ್ಟರು. ಆದರೆ ಪಾನಕದ ಕೊಳದಪ್ಪಲೆಯನ್ನು ನಾವು ರಸ್ತೆಯ ಕಾಲುಭಾಗಕ್ಕೆ ಬರುವ ಹಾಗೆ ಮೇಜಿನ ಮೇಲೆ ಇಟ್ಟಿದ್ದೆವು. ಎದುರಿಗೆ ಒಂದು ಆಟೋ ಕೆಟ್ಟು ನಿಂತಿತ್ತು. ಎರಡರ ನಡುವೆ ವ್ಯಾನ್ ಹಿಡಿಸಲಿಲ್ಲ. ಚಾಲಕರು ತಲೆ ಹೊರಗೆ ಹಾಕಿ, "ಅಮ್ಮಾ, ಪಾತ್ರೆ ಎತ್ಸಿ, ಪೇಷಂಟ್ ಅವ್ರೆ!" ಎಂದು ಕೂಗಿದರು. ಏಳೆಂಟು ಜನ ಸೇರದೆ ಆ ಪಾತ್ರೆ ಅಲುಗುವುದಿಲ್ಲ. ಜನರನ್ನು ಕರೆಯಲು ಕಳಿಸಿ, ಅಷ್ಟು ಹೊತ್ತು ಈ ಸೈರನ್ ನಿಲ್ಲಿಸಿರೆಂದು ಬೈಯುವುದಕ್ಕೇ ನಾನು ವ್ಯಾನಿನ ಹತ್ತಿರ ಹೋದೆ.

ಹಿಂಬದಿ ಕಿಟಕಿಯಿಂದ ಒಳಗೆ ನೋಡಿದಾಗ ಸುಮಾರು ಅರವತ್ತು ವರ್ಷದ ಹೆಂಗಸೊಬ್ಬರು ಸ್ಟ್ರೆಚರ್ ಮೇಲೆ ಮಲಗಿದ್ದರು. ರವಿಕೆ ಪೂರ್ತಿ ಬೆವರಿನಲ್ಲಿ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಪಕ್ಕದಲ್ಲಿ ಅವರ ಮಗಳು ಅಳುತ್ತಾ ಕೂತಿದ್ದಳು. ಹೆಂಗಸಿನ ಹೆಸರು ಭಾಗೀರಥಮ್ಮ, ಮಗಳ ಹೆಸರು ಮಧುರಾ ಎಂದು ಆಮೇಲೆ ತಿಳಿಯಿತು. ಏನಾಯಿತೆಂದು ಕೇಳಿದ್ದಕ್ಕೆ, "ಗೊತ್ತಾಗ್ತಿಲ್ಲ ಆಂಟಿ, ಪೂಜೆ ಆಗೋವರ್ಗೂ ಉಪವಾಸ ಅಂತ ಕೂತಿದ್ರು, ಇದ್ದಕ್ಕಿದ್ದ ಹಾಗೆ ಬಿದ್ಬಿಟ್ರು" ಎಂದಳು. ಸಕ್ಕರೆ ಕಾಯಿಲೆ ಇದೆಯೇ, ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡರೇ ಎಂದು ಕೇಳಿದೆ. ಹೌದು, ದಿನಾ ತೊಗೊಳೋ ಹಾಗೇ ತೊಗೊಂಡ್ರು ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇಂಜೆಕ್ಷನ್ ತಪ್ಪಿಸಬಾರದೆಂಬ ಶಿಸ್ತೂ ಇದೆ, ಉಪವಾಸ ಬಿಡಬಾರದೆಂಬ ಹಟವೂ ಇದೆ. ನಮ್ಮ ಪೈಕಿಯವರು ಮಾತ್ರ ಮಾಡುವಂಥ ಕೆಲಸ. ನನ್ನ ಯಜಮಾನರೂ ಹೀಗೆಯೇ ಒಂದು ಏಕಾದಶಿಯಂದು ಬಿದ್ದಿದ್ದರು, ಆದ್ದರಿಂದ ನೋಡಿದ ತಕ್ಷಣ ಗುರುತು ಹತ್ತಿತು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಆಸ್ಪತ್ರೆ ಮುಟ್ಟುವವರೆಗೆ ಕಾಯುವ ಹಾಗಿರಲಿಲ್ಲ. ಗಾಡಿಯಲ್ಲಿ ಆಕ್ಸಿಜನ್ ಇತ್ತು, ಗ್ಲೂಕೋಸ್ ಇರಲಿಲ್ಲ.

ಮಂಗಳಾರತಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ನಾನು ಎರಡನೇ ಯೋಚನೆ ಮಾಡಲಿಲ್ಲ. ಕೊಳದಪ್ಪಲೆಯ ಮುಚ್ಚಳ ಸರಿಸಿ, ನೈವೇದ್ಯವಾಗದ ಪಾನಕಕ್ಕೆ ಈ ಕೈಯಿಂದಲೇ ಲೋಟ ಅದ್ದಿದೆ. ಗಾಡಿ ಹತ್ತಿ, ನುಂಗುತ್ತಾರೆಯೇ ಎಂದು ಮೊದಲು ಒಂದು ಗುಟುಕು ಹಾಕಿ ನೋಡಿದೆ. ನುಂಗಿದರು. ತಲೆ ಎತ್ತಿ ಹಿಡಿದು ನಿಧಾನವಾಗಿ ಪೂರ್ತಿ ಕುಡಿಸಿದೆ. ಆಮೇಲೆ ಇಳಿದು ಬಂದು ಎರಡನೇ ಲೋಟ ತುಂಬಿ ಚಾಲಕರ ಕೈಗೆ ಕೊಟ್ಟು, ಒಳಗೆ ಮಗಳಿಗೆ ದಾಟಿಸಿ ಎಂದೆ. ಅಷ್ಟರಲ್ಲಿ ಜನ ಬಂದಿದ್ದರು. ಪಾತ್ರೆಯ ಹಿಡಿಗೆ ಕೈ ಹಾಕಿದವರಲ್ಲಿ ನಾನೂ ಒಬ್ಬಳು. ನಾನು ಲೋಟ ಅದ್ದುವಾಗ ಸಮಿತಿಯವರು ಪೂಜೆಯ ಕಡೆ ತಿರುಗಿದ್ದರು, ಬೆನ್ನು ನಮ್ಮ ಕಡೆಗಿತ್ತು, ಆದ್ದರಿಂದ ಅದನ್ನು ಯಾರೂ ನೋಡಲಿಲ್ಲ.

ಐದಾರು ನಿಮಿಷದಲ್ಲಿ ಭಾಗೀರಥಮ್ಮನವರು ಕಣ್ಣು ಬಿಟ್ಟು, ಎದ್ದು ಕೂತು, ಸುತ್ತ ನೋಡಿ, "ಪಾನಕ ಚೆನ್ನಾಗಿದೆ ಕಣ್ರೀ, ಮೆಣಸು ಒಂಚೂರು ಕಮ್ಮಿ ಆಯ್ತು" ಎಂದರು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ನಿನ್ನೆ ಮಾತ್ರ ನನಗೆ ಅಳು ಬಂತು. ಇಷ್ಟು ವರ್ಷ ಪಾನಕ ಮಾಡಿದ್ದಕ್ಕೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಸರಿಯಾಗಿ ಆ ಹೊತ್ತಿಗೆ, ಮಗಳು ಖಾಲಿ ಲೋಟವನ್ನು ಚಾಲಕರ ಕೈಗೆ ವಾಪಸ್ ಕೊಟ್ಟಾಗ, ನನ್ನ ಮಗ ಕ್ಯಾಮೆರಾ ಹಿಡಿದು ಬಂದಿದ್ದಾನೆ. ಅವನಿಗೆ ಕಂಡದ್ದು ಕೆಂಪು ದೀಪ, ಕೂಗುವ ಸೈರನ್, ಚಾಲಕನ ಕೈಯಲ್ಲಿ ಲೋಟ, ಒಳಗೆ ಕೂತು ಮಾತಾಡುತ್ತಿರುವ ಹೆಂಗಸು. ಆಸ್ಪತ್ರೆಗೆ ಹೋಗುವವರು ಮಲಗಿಯೇ ಇರಬೇಕೆಂದು ಅವನ ಲೆಕ್ಕ. ಫೋಟೋ ತೆಗೆದು, ನಂಬರ್ ಬರೆದುಕೊಂಡು ಹೋಗಿದ್ದಾನೆ. ದಾರಿಯಾದ ಕೂಡಲೇ ವ್ಯಾನ್ ಹೊರಟುಹೋಯಿತು. ರೋಗಿಯನ್ನು ಇಳಿಸಿ ಹಿಂದಿರುಗುವಾಗ ಅದನ್ನು ಠಾಣೆಗೆ ತರಲಾಗಿದೆ ಎಂದು ನನಗೆ ತಿಳಿದದ್ದು ಈ ದಿನ ಬೆಳಿಗ್ಗೆ, ಕಾಫಿಯ ಹೊತ್ತಿಗೆ, ಮಗನ ಬಾಯಿಂದಲೇ. ರೋಗಿ ಇದ್ದರೆಂದು ಚಾಲಕ ಹೇಳಿದರೂ ಫೋಟೋದಲ್ಲಿ ಎದ್ದು ಕೂತವರನ್ನು ಕಂಡು ಯಾರೂ ನಂಬಲಿಲ್ಲ, ಗಾಡಿಯ ಪರವಾನಗಿ ರದ್ದಾಗುತ್ತದೆ ಎಂದು ಅವನು ಖುಷಿಯಿಂದ ಹೇಳಿದ. ಲೋಟ ಕೊಟ್ಟವರು ಯಾರೆಂದು ಪೊಲೀಸರು ಕೇಳಿದ್ದಕ್ಕೆ ಚಾಲಕ ಯಾರೋ ಕೊಟ್ರು ಸಾರ್ ಎಂದಷ್ಟೇ ಅಂದಿದ್ದಾನೆ ಎಂದೂ ಹೇಳಿದ.

ಲೋಟ ಕೊಡುವಾಗ ನಾನು ಮರಿಯಣ್ಣನವರಿಗೆ, ಇನ್ನೂ ನೈವೇದ್ಯ ಆಗಿಲ್ಲ, ಬೇಗ ದಾಟಿಸಿ ಎಂದು ಹೇಳಿದ್ದೆ. ಆ ಒಂದು ಮಾತಿಗೆ ಆ ಮನುಷ್ಯ ನನ್ನ ಹೆಸರು ಹೇಳದೆ ತನ್ನ ಅನ್ನವನ್ನೇ ಪಣಕ್ಕಿಟ್ಟು ಕೂತಿದ್ದಾರೆ. ಪರವಾನಗಿ ಹೋದರೆ ಅವರಿಗೆ ಬೇರೆ ಗಾಡಿ ಇಲ್ಲ, ಬೇರೆ ಕಸುಬು ಇಲ್ಲ.

ಎಲ್ಲವನ್ನೂ ನಾನು ಮಗನಿಗೆ ಹೇಳಿದೆ. ಅವನ ಮುಖ ಬಿಳುಚಿಕೊಂಡಿತು. ಚಾಲಕನಿಗಾಗಿ ಅಲ್ಲ, ನನಗಾಗಿ. "ಅಮ್ಮ, ಅದೇ ಪಾತ್ರೆಯಿಂದ ದೇವರಿಗೆ ಇಟ್ಟಿದ್ದೀವಿ. ಸಮಿತಿಯವ್ರಿಗೆ ಗೊತ್ತಾದ್ರೆ ನಿನ್ನನ್ನ ಪಾನಕದ ಹತ್ತಿರಕ್ಕೂ ಸೇರಿಸಲ್ಲ. ನಾನೇ ಹೋಗಿ ದೂರು ವಾಪಸ್ ತೊಗೋತೀನಿ, ನೀನು ಸುಮ್ನಿದ್ಬಿಡು" ಎಂದ. ದೂರು ವಾಪಸ್ಸಾದರೂ ಸುಳ್ಳು ಸೈರನ್ ಹಾಕಿದವನೆಂಬ ಹೆಸರು ಮರಿಯಣ್ಣನವರ ಮೇಲೆ ಉಳಿಯುತ್ತದೆ, ಅದು ಆಗದು ಎಂದೆ. ನೀನು ಕಾನೂನು ಕೇಳುವವನು, ಕಾನೂನಿನ ಮುಂದೆ ನಾನೂ ನಿಜವನ್ನೇ ಹೇಳುತ್ತೇನೆ, ಬೇಕಾದರೆ ಜೊತೆಗೆ ಬಾ ಎಂದೆ. ಬಂದಿದ್ದಾನೆ. ಹೊರಗೆ ಬೆಂಚಿನ ಮೇಲೆ ಮರಿಯಣ್ಣನವರ ಪಕ್ಕ ಕೂತಿದ್ದಾನೆ. ಏನು ಮಾತಾಡುತ್ತಿದ್ದಾರೋ ನನಗೆ ಕೇಳುತ್ತಿಲ್ಲ.

ಅದೇ ಪಾತ್ರೆಯಿಂದ ನೈವೇದ್ಯವಾದದ್ದು ನಿಜ. ಅರ್ಚಕರಿಗೆ ನಾನು ಹೇಳಲಿಲ್ಲ ಎಂಬುದೂ ನಿಜ. ನಿನ್ನೆ ರಾಮನಿಗೆ ನೈವೇದ್ಯ ಹನ್ನೆರಡಕ್ಕಲ್ಲ, ಅದಕ್ಕೆ ಮೊದಲೇ ಆ ವ್ಯಾನಿನಲ್ಲಿ ಆಗಿಹೋಗಿತ್ತು ಎಂಬುದು ನನ್ನ ನಂಬಿಕೆ. ಸಮಿತಿಯವರು ಮುಂದಿನ ವರ್ಷ ಸೌಟು ಬೇರೆಯವರ ಕೈಗೆ ಕೊಟ್ಟರೆ ಕೊಡಲಿ. ಭಾಗೀರಥಮ್ಮನವರು ಈಗ ಕೋಟೆ ಹತ್ತಿರದ ಆಸ್ಪತ್ರೆಯ ವಾರ್ಡಿನಲ್ಲಿ ಆರಾಮವಾಗಿದ್ದಾರೆಂದು ಮರಿಯಣ್ಣನವರು ಹೇಳಿದರು. ಬೇಕಾದವರು ಹೋಗಿ ಕೇಳಬಹುದು.

ನಾನು ಹೇಳಿದ್ದನ್ನು ಓಬಳಪ್ಪನವರು ಬರೆದುಕೊಂಡು ಓದಿ ಹೇಳಿದರು. ಎಲ್ಲವೂ ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು, ಸತ್ಯ. ಕೊನೆಯಲ್ಲಿ ಅವರು, ನೈವೇದ್ಯಕ್ಕೆ ಮೊದಲು ಪಾನಕ ಕೊಟ್ಟಿದ್ದಕ್ಕೆ ವಿಷಾದಿಸುತ್ತೇನೆ ಎಂದು ಒಂದು ಸಾಲನ್ನು ತಾವಾಗಿ ಸೇರಿಸಿದ್ದರು. ಆ ಸಾಲು ನನ್ನದಲ್ಲ. ಅದನ್ನು ಹೊಡೆದುಹಾಕಿಸಿದ ಮೇಲೆ ಸಹಿ ಮಾಡಿರುತ್ತೇನೆ.

ಸ್ಥಳ: ಚಾಮರಾಜಪೇಟೆ
ದಿನಾಂಕ: 12-04-2003
ಸಹಿ: ಆಂಡಾಳ್